ಒಳ್ಳೆಯಣ್ಣ ದೇವರಾದದ್ದು

ಚ್ಯೋಬೇ, ಪೆಂಘು ದ್ವೀಪ
ಎಂಟನೇ ತಿಂಗಳ ಹದಿನಾರು
(ನಿಮ್ಮ ಪಟ್ಟಣದ ಕ್ಯಾಲೆಂಡರಿನಲ್ಲಿ 1996ರ ಸೆಪ್ಟೆಂಬರ್ 28)

ಲೇಹುನ್, ನನ್ನ ಬಂಗಾರ,

ಊಟ ಆಯಿತೇ? ಆಗದಿದ್ದರೆ ಈ ಕಾಗದ ಮಡಚಿಟ್ಟು ಮೊದಲು ಉಂಡು ಬಾ. ಓದಿದ ಮೇಲೆ ನಿನಗೆ ಅನ್ನ ಸೇರುವುದಿಲ್ಲ, ನಿನ್ನ ಹೊಟ್ಟೆ ನನಗೆ ಗೊತ್ತು. ನಾನು ಕ್ಷೇಮ ಎಂದು ಬರೆಯುವುದು ವಾಡಿಕೆ. ಮಂಡಿನೋವೊಂದು ಬಿಟ್ಟರೆ ಮೈ ಕ್ಷೇಮವಾಗಿಯೇ ಇದೆ. ಉಳಿದದ್ದನ್ನು ಬರೆಯುವುದಕ್ಕೇ ಕೂತಿದ್ದೇನೆ.

ನೀನು ಕಳಿಸಿದ ಪುಸ್ತಕ ಬಂತು. ರಟ್ಟಿನ ಮೇಲೆ ನಿನ್ನ ಹೆಸರು ನೋಡಿ ಜಂಬ ತಡೆಯಲಾರದೆ, ಮೀನು ಒಣಗಿಸುವ ಕಟ್ಟೆಯವರೆಗೂ ಹೋಗಿ ಎಲ್ಲರಿಗೂ ತೋರಿಸಿ ಬಂದೆ. ಎದುರುಮನೆಯ ಮುದುಕಿ, "ಓದಿದ್ದೇ ಆಯ್ತು, ಮದುವೆ ಯಾವಾಗಂತೆ?" ಅಂದಳು. "ನಿನ್ನ ಮಗ ಅವಳ ಪಾಲಿಂದೂ ಸೇರಿಸಿ ಮೂರು ಮದುವೆ ಆಗಿದ್ದಾನಲ್ಲ, ಸಾಕು ಬಿಡು" ಅಂದೆ. ಆಮೇಲೆ ಮನೆಗೆ ಬಂದು ಎರಡು ಸಲ ಓದಿದೆ. ಜರ್ಮನಿಯ ಮುದುಕರ ಹೆಸರು ಬಂದ ಕಡೆಯೆಲ್ಲ ಹಾರಿಸಿದೆ, ಬೇಜಾರು ಮಾಡಿಕೊಳ್ಳಬೇಡ.

ನೀನು ಹೇಳುವುದು ನನಗೆ ಅರ್ಥವಾದಷ್ಟು ಇದು. ಮನುಷ್ಯ ಹೆದರಿದ. ಸಿಡಿಲಿಗೂ ರೋಗಕ್ಕೂ ಕಾರಣ ತಿಳಿಯಲಿಲ್ಲ. ಸತ್ತ ಅಪ್ಪನನ್ನು ಬಿಟ್ಟಿರಲಾಗಲಿಲ್ಲ. ಹಾಗಾಗಿ ತನಗೊಬ್ಬ ದೇವರನ್ನು ಮಾಡಿಕೊಂಡ. ಎಂಬತ್ತೊಂದನೆಯ ಪುಟದಲ್ಲಿ ನಮ್ಮೂರ ಗುಡಿಯನ್ನೂ ತಂದಿದ್ದೀಯ. ತೇಲಿಬಂದ ಅನಾಥ ಹೆಣವೊಂದನ್ನು ಹೂತು, ಕಾಕತಾಳೀಯವಾಗಿ ಸಿಕ್ಕ ಮೀನನ್ನು ಅದರ ಮಹಿಮೆ ಎಂದು ತಿಳಿದ ಮುಗ್ಧ ಬೆಸ್ತರು ಎಂದು ಬರೆದಿದ್ದೀಯ. 'ಮುಗ್ಧ' ಎಂಬಲ್ಲಿಗೆ ಬಂದಾಗ ನಗು ಬಂತು. ಆಮೇಲೆ ಪುಸ್ತಕವನ್ನು ಅಕ್ಕಿಡಬ್ಬದ ಹಿಂದೆ ಇಟ್ಟುಬಿಟ್ಟೆ.

ಆ ಹೆಣ ಹೆಣವಾಗಿರಲಿಲ್ಲ ಮಗಳೇ. ದಡಕ್ಕೆ ತಂದಾಗ ಅವನಿಗೆ ಉಸಿರಿತ್ತು.

ಇದನ್ನು ನನ್ನ ಜೊತೆಗೇ ಮಣ್ಣಿಗೆ ಒಯ್ಯುವುದು ಎಂದುಕೊಂಡಿದ್ದೆ. ಈಗ ಆಗುವುದಿಲ್ಲ, ಕಾರಣ ನಿನ್ನ ತಮ್ಮ. ಆಹಾಯ್ ಒಂಬತ್ತು ವರ್ಷದಿಂದ ಆ ಗುಡಿಯ ದೇವರು ಒಳ್ಳೆಯಣ್ಣನ ಪಾತ್ರಿ ಎಂಬುದು ನಿನಗೆ ಗೊತ್ತು. ದೇವರು ಮೈದುಂಬಿದಾಗ ಅವನು ಬೆನ್ನು ಕೊಯ್ದುಕೊಳ್ಳುವುದನ್ನು ನೀನು ಒಮ್ಮೆ ನೋಡಿ, ವಾಂತಿ ಮಾಡಿಕೊಂಡು, ಮಾರನೆಯ ದಿನವೇ ತೈಪೇಯಿಗೆ ಹಡಗು ಹತ್ತಿದವಳು. ಆಮೇಲಿನದು ನಿನಗೆ ಗೊತ್ತಿಲ್ಲ. ಮೊದಲೆಲ್ಲ ಬೆನ್ನಿಗೆ ಕತ್ತಿಯಿಂದ ನಾಲ್ಕು ಗೀರು, ಬಾಯಲ್ಲಿ ಮದ್ಯ ತುಂಬಿಕೊಂಡು ಉಗುಳಿದರೆ ರಕ್ತ ನಿಲ್ಲುತ್ತಿತ್ತು. ಮೂರು ವರ್ಷದ ಹಿಂದೆ ಗರಗಸ ಮೀನಿನ ಮೂತಿ ಹಿಡಿದ. ಕಳೆದ ವರ್ಷ ಮೊಳೆಗುಂಡನ್ನು ಹಗ್ಗದಲ್ಲಿ ಬೀಸಿ ಬೀಸಿ ತಲೆಗೇ ಹೊಡೆದುಕೊಂಡ. ನೆತ್ತಿಯ ಚರ್ಮ ಕಿತ್ತು ಕಿವಿಯ ಮೇಲೆ ಜೋತಿತು. ಕಣ್ಣಿಗೆ ರಕ್ತ ಇಳಿದು ಕುರುಡನಂತೆ ಕುಣಿಯುತ್ತಲೇ ಇದ್ದ. ಜನ ಪಟಾಕಿ ಹಚ್ಚಿ ಕೂಗಿದರು. ಮೂವತ್ತೊಂದು ಹೊಲಿಗೆ ಬಿದ್ದವು. ಡಾಕ್ಟರು ನನ್ನನ್ನು ಬೈದರು, ನಾನು ತಲೆ ತಗ್ಗಿಸಿ ಬೈಸಿಕೊಂಡೆ.

ಅದೇ ದಿನ, ಕುಣಿತದ ನಡುವೆ, ಅವನು ನಿಂತು ಕೇಳಿದ: "ನನ್ನ ತಲೆ ಒಡೆದ ಕಲ್ಲು ಎಲ್ಲೈತೆ?"

ಯಾರಿಗೂ ಅರ್ಥವಾಗಲಿಲ್ಲ. ಬಂಡೆಗೆ ಬಡಿದು ಸತ್ತವನಿರಬೇಕು ಒಳ್ಳೆಯಣ್ಣ, ಈಗ ನೆನಪಾಗಿದೆ ಎಂದು ಗುಡಿಯ ಹಿರಿಯರು ಮಾತಾಡಿಕೊಂಡರು. ಆ ಕಲ್ಲಿನ ವಿಷಯ ಗೊತ್ತಿದ್ದವರು ಮೂವರು. ನಿನ್ನ ದೊಡ್ಡಪ್ಪ ಖೂನ್‌ಸಾನ್ ಸತ್ತು ಇಪ್ಪತ್ತು ವರ್ಷವಾಯಿತು, ನಿನ್ನಪ್ಪ ಹೋಗಿ ಆರು ವರ್ಷ. ಉಳಿದವಳು ನಾನು. ನಾನು ಯಾರಿಗೂ ಹೇಳಿಲ್ಲ. ಅಪ್ಪ ಕುಡಿದು ಬಡಬಡಿಸಿದ್ದನ್ನು ಚಿಕ್ಕಂದಿನಲ್ಲಿ ಕೇಳಿಸಿಕೊಂಡಿರುತ್ತಾನೆ, ಅದೇ ಒಳಗೆ ಕೂತು ಈಗ ಬಾಯಿಗೆ ಬಂದಿದೆ ಎಂದು ನೀನು ಹೇಳುತ್ತೀಯ. ನಾನೂ ಹಾಗೇ ಅಂದುಕೊಳ್ಳಲು ನೋಡಿದೆ, ಒಂದು ವಾರ ನಡೆಯಿತು.

ನಿನ್ನೆ ಹುಣ್ಣಿಮೆಯ ಪೂಜೆಗೆ ಗುಡಿಗೆ ಹೋದಾಗ ಆಹಾಯ್‌ಗೆ ಮತ್ತೆ ಮೈದುಂಬಿತು. ನೇರ ನಮ್ಮ ಹಳೆಯ ದೋಣಿಮನೆಗೆ ನಡೆದ, ಹಿಂದಿನಿಂದ ಊರೆಲ್ಲ ಬಂತು. ಹವಳಕಲ್ಲಿನ ಗೋಡೆಯಿಂದ ಮಗುವಿನ ತಲೆಯಷ್ಟು, ಅಂದಿನ ಕಲ್ಲಿನಷ್ಟೇ ದೊಡ್ಡ ಕಲ್ಲೊಂದನ್ನು ಕಿತ್ತ, ಉಗುರು ಎದ್ದು ಬಂತು. ಅದನ್ನು ತಂದು ಪೂಜೆಯ ಮೇಜಿನ ಮೇಲೆ ಇಟ್ಟು, "ಆರಕ್ಕೆ ಇದನ್ನ ತಲೆ ಮೇಲೆ ತಗೋತೀನಿ. ಮೂರು ಏಟು. ಯಾರೂ ತಡೀಬ್ಯಾಡ್ರಿ" ಅಂದ. ಆರು ಎಂದರೆ ಒಂಬತ್ತನೇ ತಿಂಗಳ ಆರು, ದೇವರ ಹಬ್ಬ. ಇನ್ನು ಇಪ್ಪತ್ತು ದಿನವೂ ಇಲ್ಲ. ಗುಡಿಯ ಮುಖ್ಯಸ್ಥನ ಬಳಿ ಹೋಗಿ ಅತ್ತೆ. "ಏನ್ ಅತ್ತಿಗೆ ನೀವು, ದೇವ್ರು ತನ್ನ ಮಗೂನ ತಾನೇ ಕಾಯಲ್ವಾ? ಮೊಳೆಗುಂಡಿಗೇ ಏನೂ ಆಗ್ಲಿಲ್ಲ" ಎಂದು ನನಗೇ ಕಡಲೆಕಾಯಿ ಮಿಠಾಯಿ ಕೊಟ್ಟು ಕಳಿಸಿದ. ಆಹಾಯ್‌ನನ್ನೇ ಕೇಳಿದರೆ ಅವನಿಗೆ ಏನೂ ನೆನಪಿಲ್ಲ. ಉಗುರಿಗೆ ಬಟ್ಟೆ ಸುತ್ತಿಕೊಂಡು, "ಅಮ್ಮಾ, ಒಳ್ಳೆಯಣ್ಣ ಹೇಳಿದ್ರೆ ಮುಗೀತು. ಸಾಯ್ಸೋ ಹಾಗಿದ್ರೆ ಇಷ್ಟು ದಿನ ಬಿಡ್ತಿದ್ನಾ?" ಎಂದು ನಗುತ್ತಾನೆ.

ನನ್ನ ಮಗ ಸಾಯುತ್ತಾನೆ ಲೇಹುನ್. ಮೂರು ಏಟು ಎಂದರೆ ಎಷ್ಟು ಎಂದು ನನಗೆ ಗೊತ್ತು.

ನೀನು ಆಗ ಐದು ವರ್ಷದವಳು. ಆ ವರ್ಷ ಮೂರು ತಿಂಗಳು ಬಲೆಗೆ ಏನೂ ಬಿದ್ದಿರಲಿಲ್ಲ. ಮನೆಮನೆಯಲ್ಲೂ ಒಣಗೆಣಸಿನ ಚೂರು ಬೇಯಿಸಿಕೊಂಡು ತಿನ್ನುತ್ತಿದ್ದರು, ಅದೂ ಹುಳ ಬಿದ್ದದ್ದು. ಒಂಬತ್ತನೇ ತಿಂಗಳ ಆರರಂದು ಬೆಳಗ್ಗೆ ನಿನ್ನಪ್ಪ ಮತ್ತು ಖೂನ್‌ಸಾನ್ ಇಬ್ಬರೇ ದೋಣಿ ಇಳಿಸಿದರು. ಹವಳದ ಹೊರದಿಬ್ಬದ ಆಚೆ ಬಿದಿರಿಗೆ ಕಟ್ಟಿಕೊಂಡು ಅಂಗಾತ ತೇಲುತ್ತಿದ್ದ ಮೈಯೊಂದು ಕಂಡಿತು.

ಸಮುದ್ರದಲ್ಲಿ ಹೆಣ ಕಂಡರೆ ನಮ್ಮವರು ದಾಟಿ ಹೋಗುವುದಿಲ್ಲ, ಹೆಣ ಎಂದೂ ಅನ್ನುವುದಿಲ್ಲ. ಒಳ್ಳೆಯಣ್ಣ ಅನ್ನಬೇಕು. ಮೊದಲು ಮಾತು, ಆಮೇಲೆ ಬಲೆ, ಕೊನೆಗೆ ಮುಟ್ಟುವುದು. ಮುಖ ಮಾತ್ರ ನೋಡಲೇಬಾರದು. ನೋಡಿದವನ ಜೊತೆ ಅದು ಮನೆಗೇ ಬರುತ್ತದೆ. ಖೂನ್‌ಸಾನ್ ದೋಣಿಯ ಮೂತಿಯಲ್ಲಿ ನಿಂತು, "ಒಳ್ಳೆಯಣ್ಣಾ, ದಡಕ್ಕೆ ಬರೋ ಮನಸ್ಸೈತಾ? ಇದ್ರೆ ಬಲೆ ತುಂಬ್ಸು. ಗುಡಿ ಕಟ್ತೀವಿ, ವರ್ಷಕ್ಕೊಂದು ಹಂದಿ ಕೊಡ್ತೀವಿ. ಇಲ್ಲಾಂದ್ರೆ ನಿನ್ನ ದಾರಿ ನಿನಗೆ, ನಮ್ಮ ದಾರಿ ನಮಗೆ" ಎಂದು ಕೂಗಿ ಬಲೆ ಬೀಸಿದರು. ಎಳೆದಾಗ ದೋಣಿ ವಾಲುವಷ್ಟು ಬಂಗಡೆ. ನಿನ್ನಪ್ಪ ಅತ್ತುಬಿಟ್ಟರಂತೆ. ಆಮೇಲೆ ಮುಖ ತಿರುಗಿಸಿಕೊಂಡೇ ಅವನ ಮೇಲೆ ಬಟ್ಟೆ ಎಸೆದು, ಎಳೆದು ಹಾಕಿಕೊಂಡು, ಚಾಪೆ ಮುಚ್ಚಿದರು. ನಾಲ್ಕು ತಾಸು ಅವನು ಮೀನಿನ ರಾಶಿಯ ಪಕ್ಕದಲ್ಲಿ ಮಲಗಿದ್ದ. ಬೇರೆ ಯಾವ ಊರಿನವರಾದರೂ ಒಮ್ಮೆ ಮೂಗಿನ ಬಳಿ ಕೈಯಿಟ್ಟು ನೋಡುತ್ತಿದ್ದರು. ನಮ್ಮವರು ಮರ್ಯಾದೆಯ ಜನ, ನೋಡಲಿಲ್ಲ.

ಊರಿಗೆ ಊರೇ ಬುಟ್ಟಿ ಹಿಡಿದು ದಡಕ್ಕೆ ಬಂತು. ಒಳ್ಳೆಯಣ್ಣನನ್ನು ದೋಣಿಮನೆಯಲ್ಲಿ ಇಳಿಸಿದರು. ಮೈ ತೊಳೆಯುವುದು ದೋಣಿಯ ಮನೆಯ ಹೆಂಗಸಿನ ಕೆಲಸ, ಹಾಗಾಗಿ ನಾನು ನೀರು ತೆಗೆದುಕೊಂಡು ಹೋದೆ. ಮೊದಲ ಚೊಂಬು ಎದೆಯ ಮೇಲೆ ಸುರಿದಾಗ ಅವನು ಕೆಮ್ಮಿದ. ಬಟ್ಟೆಯ ಕೆಳಗಿನಿಂದ ಉಪ್ಪುನೀರು, ರಕ್ತ ಹೊರಬಂತು. ನಾನು ಬಟ್ಟೆ ತೆಗೆದೆ. ಇಪ್ಪತ್ತೈದು ದಾಟದ ಹುಡುಗ. ತುಟಿ ಒಡೆದು ಬಾವು ಬಂದಿತ್ತು. ಕಣ್ಣು ಬಿಟ್ಟು ನನ್ನನ್ನು ನೋಡಿದ. ಏನೋ ಅಂದ, ನಮ್ಮ ಭಾಷೆಯಲ್ಲ.

ಖೂನ್‌ಸಾನ್ ಬಾಗಿಲು ಹಾಕಿದರು. "ಇವ್ನು ಬದುಕಿದ್ರೆ ನಾವು ಮಾತು ಕೊಟ್ಟಿದ್ದು ಯಾರಿಗೆ? ಮೀನು ಕೊಟ್ಟೋನು ಯಾರು? ಹೊರಗೆ ನಿಂತಿರೋರಿಗೆ ಏನಂತ ಹೇಳ್ಲಿ?" ಎಂದು ಕೇಳಿದರು. ನಿನ್ನಪ್ಪ ಬಲೆಗೆ ಕಟ್ಟುವ ಕಲ್ಲು ಎತ್ತಿಕೊಂಡರು. ನಾನು ಹುಡುಗನ ಕಾಲು ಹಿಡಿದುಕೊಂಡೆ. ಮೊದಲ ಏಟು ಜಾರಿ ಕಿವಿಗೆ ಬಿತ್ತು. ಅವನು ಕೈ ಅಡ್ಡ ಹಿಡಿದ, ಎರಡನೆಯದು ಬೆರಳುಗಳನ್ನೂ ದವಡೆಯನ್ನೂ ಮುರಿಯಿತು. ಕಾಲು ಎಂಥ ಜೋರಾಗಿ ಒದೆಯುತ್ತಿತ್ತೆಂದರೆ ನನ್ನ ಎದೆ ಒಂದು ತಿಂಗಳು ಕಪ್ಪಾಗಿತ್ತು. ಮೂರನೆಯದಕ್ಕೆ ಹಣೆ ಒಳಗೆ ಹೋಯಿತು, ಕಾಲು ಸುಮ್ಮನಾಯಿತು. ಹೊರಗೆ ಪಟಾಕಿ ಹೊಡೆಯುತ್ತಿದ್ದರು, ಯಾರಿಗೂ ಕೇಳಲಿಲ್ಲ. ನಾನು ಮತ್ತೆ ಮೊದಲಿನಿಂದ ಮೈ ತೊಳೆದೆ. ನೀರು ಬಾಗಿಲಡಿಯಿಂದ ಹೊರಗೆ ಹರಿಯಿತು. "ಇದೇನಕ್ಕಾ ಕೆಂಪು?" ಎಂದು ಯಾರೋ ಕೇಳಿದರು. "ಮೀನಿನ ರಕ್ತ ಕಣೇ" ಅಂದೆ.

ಗುಡಿ ಕಟ್ಟಿದ್ದು ಹೀಗೆ. ನೀನು ಬರೆದದ್ದು ಉಲ್ಟಾ ಎಂದು ಈಗ ತಿಳಿಯಿತೇ? ಗೊತ್ತಿಲ್ಲದವರು ದೇವರನ್ನು ಮಾಡುತ್ತಾರೆ ಅಂತೀಯ. ಇಲ್ಲಿ ಮಾಡಿದವರು ಗೊತ್ತಿದ್ದವರು, ನಂಬಿದವರು ಗೊತ್ತಿಲ್ಲದವರು.

ಆದರೆ ಅಲ್ಲಿಗೂ ಮುಗಿಯಲಿಲ್ಲ, ಉಳಿದದ್ದನ್ನು ಮುಂದಿನ ಪುಸ್ತಕಕ್ಕೆ ಬರೆದುಕೊ. ಮೊದಲ ವರ್ಷ ನಾನು ನಂಬಲಿಲ್ಲ. ಮಕ್ಕಳಿಲ್ಲದ ನೆರೆಯವಳು ಬಂದು ಅವನ ಮುಂದೆ ಹರಕೆ ಹೊತ್ತಾಗ ಒಳಗೊಳಗೇ ನಕ್ಕೆ. ತನ್ನ ತಲೆಯನ್ನೇ ಕಾಯ್ದುಕೊಳ್ಳಲಾಗದವನು ನಿನಗೇನು ಕೊಟ್ಟಾನು ಅಂದುಕೊಂಡೆ. ಅವಳಿಗೆ ಗಂಡು ಹುಟ್ಟಿತು. ಮಾತು ಕೊಟ್ಟಂತೆ ಹಬ್ಬಕ್ಕೆ ಹಂದಿ ಬಂತು. ಹಂದಿಯ ಗಂಟಲು ಸೀಳಿದಾಗ ಅದರ ಕಾಲು ಒದೆಯುವುದನ್ನು ನೋಡಲಾರದೆ ನಾನು ಗುಡಿಯ ಹಿಂದೆ ಹೋಗಿ ಕೂತೆ. ಮಾರನೆಯ ವರ್ಷ ಬಿರುಗಾಳಿಯಲ್ಲಿ ನಿನ್ನಪ್ಪನ ದೋಣಿ ಎರಡು ದಿನ ಬರಲಿಲ್ಲ. ಸಮುದ್ರದಮ್ಮನ ಗುಡಿ ಹತ್ತಿರವೇ ಇತ್ತು, ನನ್ನ ಕಾಲು ಅಲ್ಲಿಗೆ ಹೋಗಲಿಲ್ಲ. ಅಮ್ಮನ ಮುಂದೆ ಏನೆಂದು ಬೇಡಲಿ? ನಾನು ಒಳ್ಳೆಯವಳು, ನನ್ನ ಗಂಡನನ್ನು ಉಳಿಸು ಎಂದೇ? ಓಡಿ ಹೋಗಿ ನಾವು ಕೊಂದವನ ಮುಂದೆ ಬಿದ್ದೆ. ನನ್ನನ್ನು ಪೂರ್ತಿ ಬಲ್ಲವನು ಇಡೀ ಲೋಕದಲ್ಲಿ ಅವನೊಬ್ಬನೇ. ಮುಚ್ಚಿಡುವುದು ಏನೂ ಇಲ್ಲದ ಜಾಗದಲ್ಲಿ ತಲೆಯಿಟ್ಟು ಅಳುವುದು ಎಂಥ ಸುಖ ಎಂದು ನಿನಗೆ ಹೇಗೆ ಹೇಳಲಿ! ಮಧ್ಯಾಹ್ನ ನಿನ್ನಪ್ಪ ಮುರಿದ ದೋಣಿಯಲ್ಲಿ ಬಂದರು.

ಅಂದಿನಿಂದ ನಾನು ನಂಬಿದೆ. ಈಗಲೂ ನಂಬುತ್ತೇನೆ. ಅವನು ಏತರಿಂದ ಆದವನು ಎಂದು ಗೊತ್ತಿದ್ದೂ ನಂಬುತ್ತೇನೆ. ದಿನಾ ಬೆಳಗ್ಗೆ ಮೂರು ಊದುಬತ್ತಿ ಹಚ್ಚಿ, ಅರ್ಧಚಂದ್ರದ ಮರದ ತುಂಡು ಎರಡನ್ನು ನೆಲಕ್ಕೆ ಹಾಕಿ, ಹೌದೋ ಅಲ್ಲವೋ ಕೇಳಿಯೇ ಮನೆ ಕೆಲಸ ಹಿಡಿಯುತ್ತೇನೆ. ಹೆದರಿಕೆ ಅನ್ನುತ್ತೀಯ. ಹೆದರಿಕೆ ಇದೆ. ತಪ್ಪಿತಸ್ಥಳ ಮನಸ್ಸು ಅನ್ನುತ್ತೀಯ. ಅದೂ ಹೌದು. ಇವೆಲ್ಲ ಸೇರಿದರೆ ದೇವರು ಸುಳ್ಳು ಎಂದು ಹೇಗಾಯಿತು? ಹಸಿವಾದವಳು ಅನ್ನ ಬೇಡಿದರೆ ಅನ್ನ ಸುಳ್ಳೇ? ಇದಕ್ಕೆ ನಿನ್ನ ಪುಸ್ತಕದಲ್ಲಿ ಉತ್ತರ ಹುಡುಕಿದೆ, ಸಿಗಲಿಲ್ಲ. ಇದ್ದರೆ ಪುಟದ ನಂಬರು ಬರೆದು ಕಳಿಸು.

ಈಗ ಕೆಲಸದ ಮಾತು. ಆಹಾಯ್‌ಗೆ ನಾನೇ ಹೇಳಿಬಿಡೋಣ ಎಂದು ಎರಡು ಸಲ ಬಾಯಿ ತೆರೆದೆ. ಅವನು ನನ್ನ ಮುಖ ನೋಡಿದ, ನಾನು ಅವನ ಉಗುರಿನ ಬಟ್ಟೆ ಬದಲಿಸಿ ಎದ್ದು ಬಂದೆ. ಅವನ ಜೀವನವೇ ಒಳ್ಳೆಯಣ್ಣ. ಅದನ್ನು ಕಿತ್ತು ಕೈಗೆ ಏನು ಕೊಡಲಿ? ಆದರೆ ಆರರಂದು ಎಲ್ಲರ ಎದುರು ಅವನು ಆ ಕಲ್ಲಿಗೆ ಕೈ ಹಾಕುವ ಮೊದಲು ನಾನು ಹೋಗಿ ಮೇಜಿನ ಮೇಲೆ ನನ್ನ ತಲೆ ಇಡುತ್ತೇನೆ. ನಡೆದದ್ದನ್ನು ಊರಿಗೆ ಕೇಳುವ ಹಾಗೆ ಹೇಳುತ್ತೇನೆ. ಒಳ್ಳೆಯಣ್ಣಾ, ನಿನಗೆ ಬೇಕಾದ ತಲೆ ಇದು, ಹುಡುಗನನ್ನು ಬಿಡು ಎಂದು ಕೇಳುತ್ತೇನೆ. ನಿನ್ನಪ್ಪ ಇಲ್ಲ, ಅವರ ಪಾಲಿನದನ್ನೂ ನಾನೇ ಹೊರಬೇಕು. ಅವನು ಹೊಡೆದರೆ ಹೊಡೆಯಲಿ. ನಿನ್ನ ತಮ್ಮನ ಕೈಯಿಂದ ಬಿದ್ದರೂ ಅದು ಅವನ ಕೈಯಲ್ಲ, ಪೊಲೀಸರಿಗೆ ಹಾಗೆಂದು ನೀನೇ ಹೇಳಬೇಕು.

ನೀನು ನಮ್ಮ ಒಂಬತ್ತನೇ ತಿಂಗಳ ಐದರ ಒಳಗೆ ಬಾ. ವಿಮಾನದಲ್ಲಿ ಬಾ, ಹಡಗು ಈ ಗಾಳಿಗೆ ನಂಬಿಕೆಯಲ್ಲ. ನನ್ನನ್ನು ತಡೆಯಲು ಬರಬೇಡ. ದೇವರು ಇಳಿದ ಮೇಲೆ ಆಹಾಯ್ ಮಗುವಿನಂತೆ ನಡುಗುತ್ತಾನೆ, ನೀರು ಕೇಳುತ್ತಾನೆ, ತಾನು ಏನು ಮಾಡಿದೆ ಎಂದು ಕೇಳುತ್ತಾನೆ. ಆಗ ಹಿಡಿದುಕೊಳ್ಳಲು ಒಬ್ಬರು ಬೇಕು. ಅವನನ್ನು ನಿನ್ನ ಮನೆಗೆ ಕರೆದುಕೊಂಡು ಹೋಗು, ಮತ್ತೆ ಈ ದಡಕ್ಕೆ ಬಿಡಬೇಡ. ನಿನ್ನ ಪುಸ್ತಕವನ್ನು ಅವನಿಗೆ ಓದಿ ಹೇಳು. ನನಗೆ ಅದು ಬೇಡ, ಅವನಿಗೆ ಬೇಕಾದೀತು.

ನಿನ್ನನ್ನು ನೋಡಿ ಎರಡು ವರ್ಷವಾಯಿತು. ಕೂದಲು ಕತ್ತರಿಸಿಕೊಂಡಿದ್ದೀಯಂತೆ. ಚೆನ್ನಾಗಿಯೇ ಇರುತ್ತದೆ.

ನಿನ್ನ ಅಮ್ಮ,
ಗಿನ್‌ಹೋಯ್

ಮರೆತೆ ಎಂದು ಬರೆಯುತ್ತಿಲ್ಲ: ಕಾಗದ ಮಡಚಿ ಅಂಟು ಹಾಕಿದ್ದೆ, ಮತ್ತೆ ಬಿಚ್ಚಿದ್ದೇನೆ. ಸತ್ತ ಇಬ್ಬರ ಮೇಲೆ ಸುಳ್ಳು ಹೇಳಿ ದೇವರ ಮುಂದೆ ತಲೆಯಿಡಲು ಆಗುವುದಿಲ್ಲ. ಖೂನ್‌ಸಾನ್ ದೋಣಿಮನೆಯ ಒಳಗೇ ಇರಲಿಲ್ಲ, ಹೊರಗೆ ಮೀನು ಹಂಚುತ್ತಿದ್ದರು. ಹುಡುಗ ಕಣ್ಣು ಬಿಟ್ಟಾಗ ಇದ್ದವರು ನಿನ್ನಪ್ಪ ಮಾತ್ರ. "ಅಯ್ಯೋ, ಜೀವ ಐತೆ ಕಣೇ! ಬೆಚ್ಚಗೆ ಹಿಡ್ಕೊಂಡಿರು" ಎಂದು ಗಂಜಿ ತರಲು ಮನೆಗೆ ಓಡಿದರು. ಬಟ್ಟಲು ಹಿಡಿದು ತಿರುಗಿ ಬರುವಷ್ಟರಲ್ಲಿ ನಾನು ಅವನ ಎದೆಯ ಮೇಲೆ ಕೂತು ಮೂರನೆಯ ಏಟು ಹಾಕಿಯಾಗಿತ್ತು. ಕಾಲನ್ನು ಯಾರೂ ಹಿಡಿದಿರಲಿಲ್ಲ. ನಿನ್ನಪ್ಪ ಆ ಕಲ್ಲನ್ನು ಸಮುದ್ರಕ್ಕೆ ಎಸೆದರು, ಅಣ್ಣನಿಗೆ ಹೇಳಿ ಬಾಯಿ ಮುಚ್ಚಿಸಿದರು. ಸಾಯುವವರೆಗೂ ನನ್ನನ್ನು ಒಂದು ಮಾತು ಕೇಳಲಿಲ್ಲ, ಕುಡಿದರು ಅಷ್ಟೇ.

ಮೀನಿಗಾಗಿ ಅಲ್ಲ ಲೇಹುನ್. ನಿನಗೆ ಏಳು ದಿನದಿಂದ ಜ್ವರವಿತ್ತು, ಆ ಬೆಳಗ್ಗೆ ಕಣ್ಣು ಮೇಲೆ ಹೊರಳಿತ್ತು. ಒಳ್ಳೆಯಣ್ಣ ಬಂದ, ಬಲೆ ತುಂಬಿತು ಎಂದು ದಡದಲ್ಲಿ ಕೂಗಿದ ಹೊತ್ತಿಗೇ ನಿನ್ನ ಮೈ ಬೆವರಿತು, ನೀನು ಗೆಣಸು ಬೇಕು ಅಂದೆ. ಅವನ ಪಾದ ಹಿಡಿದು ಕಣ್ಣಿಗೆ ಒತ್ತಿಕೊಂಡು, ಎದೆಗೆ ನೀರು ಸುರಿದಾಗ ಅವನು ಕೆಮ್ಮಿದ್ದು. ಅವನು ಬರಿಯ ಮನುಷ್ಯನಾದರೆ ನಿನ್ನನ್ನು ಉಳಿಸಿದವರು ಯಾರು? ಯಾರೂ ಅಲ್ಲವಾದರೆ ಜ್ವರ ಸಂಜೆಗೆ ತಿರುಗಿ ಬರುತ್ತದೆ. ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ.

ಸಂಜೆ ಕೈ ತೊಳೆದುಕೊಂಡು ಬಂದು ನಿನ್ನ ಹಣೆ ಮುಟ್ಟಿದೆ. ತಣ್ಣಗಿತ್ತು.